ಕಟ್ಟು ನೀರಿನಲ್ಲಿ ಭತ್ತ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಮಳೆ ಕೈಕೊಟ್ಟ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ತಡೆದು, ನೀರು ಕೊಡುತ್ತಾರೆ, ನಡುವೆ ಗದ್ದೆ ಒಣಗುತ್ತದೆ. ಎಷ್ಟು ಒಣಗಿದರೆ ಇಳುವರಿಗೆ ಪೆಟ್ಟು?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮೇಲೆ ನೀರು ಕಾಣದಿದ್ದರೂ ಬೇರಿಗೆ ತೇವ ಸಿಗುತ್ತಿದ್ದರೆ ಭಯವಿಲ್ಲ. ಆದರೆ ಅದು ಕಣ್ಣಂದಾಜಿಗೆ ಸಿಗುವುದಲ್ಲ, ಅಳೆದೇ ನೋಡಬೇಕು. 4 ಇಂಚಿನ ಪಿವಿಸಿ ಪೈಪಿನಲ್ಲಿ 30 ಸೆಂ.ಮೀ. ತುಂಡು ಕತ್ತರಿಸಿ, ಕೆಳಗಿನ ಅರ್ಧಕ್ಕೆ ಸುತ್ತಲೂ 2 ಸೆಂ.ಮೀ.ಗೊಂದು ತೂತು ಕೊರೆಯಿರಿ. ಬದುವಿನಿಂದ ಕೈಗೆಟಕುವ ಸಮತಟ್ಟಾದ ಜಾಗದಲ್ಲಿ 15 ಸೆಂ.ಮೀ. ಆಳಕ್ಕೆ ಊರಿ, ಒಳಗಿನ ಕೆಸರನ್ನು ತಳದವರೆಗೂ ತೆಗೆಯಿರಿ. ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರಬೇಕು. ಕೆಲವು ಗಂಟೆಯ ನಂತರವೂ ವ್ಯತ್ಯಾಸವಿದ್ದರೆ ತೂತು ಮುಚ್ಚಿಕೊಂಡಿದೆ ಎಂದರ್ಥ.

ನಾಟಿಯಾಗಿ ಎರಡು ವಾರ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕಳೆ ಮೇಲುಗೈ ಸಾಧಿಸುತ್ತದೆ. ಆಮೇಲೆ ಪೈಪಿನಲ್ಲಿ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ 5 ಸೆಂ.ಮೀ. ಹಾಯಿಸಿ. ಹೂವಾಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಈ ಲೆಕ್ಕ ಬೇಡ, ನೀರು ನಿಂತಿರಲೇಬೇಕು. ಆಗ ಒಣಗಿದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಹಾಗಾಗಿ ಹೂವಾಡುವ ದಿನವನ್ನೂ ನಾಲೆಯ ಸರದಿಯನ್ನೂ ಮೊದಲೇ ತಾಳೆ ನೋಡಿ. ಎರಡು ಹೊಂದದಿದ್ದರೆ ಕೊಳವೆಬಾವಿಯ ನೀರನ್ನು ಆ ಎರಡು ವಾರಕ್ಕೆಂದೇ ಉಳಿಸಿ.

ಯೂರಿಯಾವನ್ನು ನೀರು ಹಾಯಿಸುವ ಮುನ್ನ, ನಿಂತ ನೀರಿಲ್ಲದಾಗ ಎರಚಿ. ನೀರಿನೊಂದಿಗೆ ಬೇರಿನತ್ತ ಇಳಿಯುತ್ತದೆ. ಎರೆಮಣ್ಣಿನಲ್ಲಿ ಅಗಲವಾದ ಬಿರುಕು ಬಿಡಲು ಬಿಡಬೇಡಿ, ಮುಂದಿನ ನೀರೆಲ್ಲ ಆ ಬಿರುಕಿನಲ್ಲೇ ಇಳಿದುಹೋಗುತ್ತದೆ. ಮಣ್ಣಿಗೆ ಗಾಳಿಯಾಡುವುದರಿಂದ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಸಹ ಗಣನೀಯವಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ತಗ್ಗಿನ ಗದ್ದೆಯಲ್ಲಿ ಬಿಳಿ ಉಪ್ಪು ಕಾಣುತ್ತದೆ. ಅಲ್ಲೂ ಹೀಗೆ ಮಾಡಬಹುದೇ?
– ಓದುಗರು, ಮಂಡ್ಯ

ಉತ್ತರ: ಬೇಡ. ಚೌಳು ಗದ್ದೆ ಒಣಗಿದಂತೆ ಉಪ್ಪು ಮೇಲೆದ್ದು ಬೇರಿನ ಸುತ್ತ ಹೆಚ್ಚಾಗುತ್ತದೆ. ಎಲೆಯ ತುದಿ ಸುಡುತ್ತದೆ. ನಮ್ಮಲ್ಲಿ ಬಸಿಯದ ನೀರು ಉಪ್ಪನ್ನು ತಂದಿಡುತ್ತದೆ. ಮೊದಲ ಕೆಲಸ ಬಸಿಗಾಲುವೆ. ಮಣ್ಣು ಪರೀಕ್ಷೆಯಲ್ಲಿ ಕ್ಷಾರ ಎಂದು ಬಂದರೆ ಪರೀಕ್ಷೆ ಮಾಡಿದವರು ಹೇಳಿದಷ್ಟು ಜಿಪ್ಸಂ ಹಾಕಿ, ಗದ್ದೆಯಲ್ಲಿ ನೀರು ನಿಲ್ಲಿಸಿ ತೊಳೆದು ಬಸಿಯಿರಿ. ಬಸಿಗಾಲುವೆಯಿಲ್ಲದೆ ಜಿಪ್ಸಂ ಸುರಿದರೆ ಹಣ ದಂಡ. ನಾಟಿಗೆ ಮುನ್ನ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚ ಬೆಳೆದು, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿ. ನಾಟಿಗೆ ಬಲಿತ ಪೈರು ಬಳಸಿ, ಗುಣಿಗೆ 3–4 ಪೈರು ಇಡಿ. ಚೌಳಿನಲ್ಲಿ ಎಳೆಪೈರು ಹಲವು ಸಾಯುತ್ತವೆ.