ಪಾಪವನ್ನು ತೋರಿಸುವ ಚಿತ್ರವನ್ನು ನೋಡಬಹುದೇ?

ಕೊಲೆ, ವ್ಯಭಿಚಾರಗಳನ್ನು ತೋರಿಸುವ ಚಲನಚಿತ್ರವನ್ನು ವಿಶ್ವಾಸಿಯೊಬ್ಬರು ನೋಡುವುದು ಸರಿಯೇ ಎಂದು ತಾವು ಕೇಳಿದ್ದೀರಿ. ಇವೆರಡೂ, ಬೇರೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಆಕೆಯ ಗಂಡನನ್ನು ಕೊಲ್ಲಿಸಿದ ಇಸ್ರಾಯೇಲಿನ ಅರಸ ದಾವೀದನ ಬದುಕಿನಲ್ಲಿಯೇ ಇವೆ; ಸತ್ಯವೇದವು (ಬೈಬಲ್) ಅವನ್ನು ಮರೆಮಾಚುವುದಿಲ್ಲ, ಮೆಚ್ಚುವುದೂ ಇಲ್ಲ. ಪ್ರವಾದಿಯಾದ ನಾತಾನನು ಅರಸನನ್ನು ಮೊದಲೇ ಖಂಡಿಸದೆ, ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಐಶ್ವರ್ಯವಂತನ ಕಥೆಯನ್ನು ಹೇಳಿದನು. ಆ ಅನ್ಯಾಯಕ್ಕೆ ಕೋಪಗೊಂಡ ಮೇಲೆಯೇ ದಾವೀದನಿಗೆ ಆ ಮನುಷ್ಯನು ತಾನೇ ಎಂಬುದು ತಿಳಿಯಿತು. ಒಳ್ಳೆಯ ಚಿತ್ರವೂ ನಮ್ಮಲ್ಲಿ ಇದೇ ಕೆಲಸವನ್ನು ಮಾಡಬಲ್ಲದೆಂದು ನಾನು ಮನಸಾರೆ ನಂಬುತ್ತೇನೆ. ಆದ್ದರಿಂದ ದೃಶ್ಯದಲ್ಲಿ ಏನಿದೆ ಎಂಬುದಕ್ಕಿಂತ, ಕ್ಯಾಮೆರಾ ಯಾರ ನೋವಿನ ಬಳಿ ನಿಲ್ಲುತ್ತದೆ, ಕೇಡಿನ ಫಲವನ್ನು ತೋರಿಸುತ್ತದೆಯೇ ಎಂಬುದನ್ನು ಗಮನಿಸಿರಿ. (1995ರಲ್ಲಿ ವ್ಯಾಟಿಕನ್ ಹೊರತಂದ 45 ಚಿತ್ರಗಳ ಪಟ್ಟಿಯಲ್ಲಿ ಧಾರ್ಮಿಕವಲ್ಲದ ಕಥೆಗಳೂ ಇವೆ, ಅಲ್ಲಿಂದ ಆರಂಭಿಸಬಹುದು.) ಆದರೂ ಯಾವುದಾದರೂ ದೃಶ್ಯವು ತಮ್ಮನ್ನು ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಒಳಪಡಿಸುವುದಾದರೆ, ಬೇರೆಯವರಿಗೆ ಅದರಿಂದ ಹಾನಿಯಿಲ್ಲದಿದ್ದರೂ, ತಾವು ಎದ್ದುಬರಲು ಸಂಕೋಚಪಡಬೇಡಿರಿ.