ಗೊರೂರಿನ ಹಿನ್ನೀರಿನಿಂದ ಬರೆದವರಿಗೆ

ಮಾನ್ಯರೇ,

ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ಯಾಡಲ್‌ಬೋರ್ಡ್ ಎಂಬ ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ ಶೆಟ್ಟಿಹಳ್ಳಿಯ ಚರ್ಚನ್ನು ಸುತ್ತಿಬಂದ ಅನುಭವವನ್ನು ಕ್ರೈಸ್ತ ಸನ್ಯಾಸ ಪರಂಪರೆಯೊಡನೆ ಹೆಣೆದ ನಿಮ್ಮ ಪ್ರಬಂಧ ತಲುಪಿದೆ. ಭಾಷೆ ಶುದ್ಧವಾಗಿದೆ, ವಿಷಯ ಹೊಸದು, ಕೈಬರಹವೂ ಅಂದವಾಗಿದೆ. ಇನ್ನು ನನಗೆ ಸಿಟ್ಟು ತರಿಸಿದ ಸಂಗತಿಗೆ ಬರುತ್ತೇನೆ.

‘ಹಲಗೆಯ ಮೇಲೆ ಎದ್ದು ನಿಂತೊಡನೆ ಮನಸ್ಸು ನಿಶ್ಚಲವಾಯಿತು’ ಎಂಬುದು ನಿಮ್ಮ ಮೊದಲ ವಾಕ್ಯ. ಇದನ್ನು ನಾನು ನಂಬಲಾರೆ. ಹೊಸಬರು ಮೊದಲು ಮಂಡಿಯೂರಿ ಕೂರುತ್ತಾರೆ, ನಡುವಿನ ಹಿಡಿಕೆಯ ಅಕ್ಕಪಕ್ಕ ಒಂದೊಂದೇ ಪಾದ ಊರಿ ಏಳುತ್ತಾರೆ, ಎದ್ದ ಮೇಲೂ ಮಂಡಿಯನ್ನು ತುಸು ಬಾಗಿಸಿಕೊಂಡೇ ಇರುತ್ತಾರೆ; ಪಾದವನ್ನು ನೋಡಿಕೊಂಡರೆ ತೂಕ ತಪ್ಪುವುದರಿಂದ ದೃಷ್ಟಿಯನ್ನು ಎದುರಿನ ದಡದ ಮೇಲೆ ನೆಡಬೇಕಾಗುತ್ತದೆ. ಮೀನಖಂಡ ನಡುಗುತ್ತಿರುವಾಗ ನಿಶ್ಚಲತೆ ಎಲ್ಲಿಂದ ಬಂತು? ಎರಡನೆಯ ವಾಕ್ಯದಲ್ಲಿ ಹುಟ್ಟಿನ ಅಲಗು ‘ನನ್ನತ್ತ ವಿನಯದಿಂದ ಬಾಗಿತ್ತು’ ಎನ್ನುತ್ತೀರಿ. ಆ ಅಲಗು ಬಾಗಬೇಕಾದದ್ದು ಹಲಗೆಯ ಮೂತಿಯ ಕಡೆಗೆ. ನೀವು ಹುಟ್ಟನ್ನು ಹಿಂದುಮುಂದಾಗಿ ಹಿಡಿದಿದ್ದಿರಿ, ಕಲಿಯುವವರಲ್ಲಿ ಇದು ಸಾಮಾನ್ಯ. ಯಾರು ತಿದ್ದಿದರು, ದಡದಲ್ಲಿ ಬಲೆ ಬಿಡಿಸುತ್ತಿದ್ದವರು ನಕ್ಕರೋ ಇಲ್ಲವೋ, ನನಗೆ ಅದು ಬೇಕಿತ್ತು. ನೀವು ಕೊಟ್ಟದ್ದು ವಿನಯ.

ಮೂರನೆಯ ವಾಕ್ಯ: ‘ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಂತೆ ನಾನೂ ಲೋಕವನ್ನು ತೊರೆದೆ.’ ಆ ಸನ್ಯಾಸಿಗಳು ಖರ್ಜೂರದ ಗರಿಯಿಂದ ಬುಟ್ಟಿ, ಚಾಪೆ, ಹಗ್ಗ ಹೆಣೆದು ಹೊಟ್ಟೆ ಹೊರೆದವರು. ಅವರಲ್ಲಿ ಪಕೋಮಿಯನು ಮೊದಲು ಸೈನಿಕನಾಗಿದ್ದು, 4ನೆಯ ಶತಮಾನದಲ್ಲಿ ನೈಲ್ ದಂಡೆಯ ತಬೆನ್ನಿಸಿಯಲ್ಲಿ ಒಂದೇ ನಿಯಮಕ್ಕೆ ಒಳಪಟ್ಟು ದುಡಿದು ಉಣ್ಣುವ ಸಮುದಾಯವನ್ನು ಕಟ್ಟಿದ. 6ನೆಯ ಶತಮಾನದ ಸಂತ ಬೆನೆಡಿಕ್ಟನು ಮಠವಾಸಿಗಳಿಗಾಗಿ ಬರೆದ ನಿಯಮಾವಳಿ ಹಗಲು ಏಳು ಬಾರಿ, ರಾತ್ರಿ ಒಮ್ಮೆ ಕೀರ್ತನೆಗಳನ್ನು ಹಾಡಬೇಕೆಂದು ವಿಧಿಸುತ್ತದೆ. ಮಠದಲ್ಲಿ ದೀರ್ಘಕಾಲ ಇತರರೊಡನೆ ಬಾಳಿ ಪಳಗಿದವರಿಗೆ ಮಾತ್ರ ಏಕಾಂತವಾಸ ಸಲ್ಲುತ್ತದೆ ಎನ್ನುತ್ತದೆ. ಮೂರು ನಾಲ್ಕು ದಿನಗಳಂತೆ ಮಠದಿಂದ ಮಠಕ್ಕೆ ಅತಿಥಿಯಾಗಿ ಅಲೆಯುವವರ ಬಗ್ಗೆ ಅದರ ಮಾತು ಬಹಳ ಕಟುವಾಗಿದೆ. ಬೆಳಗಿನ ಹತ್ತಕ್ಕೆ ಹಾಸನದ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಕುಳಿತೆನೆಂದು ಕೊನೆಯ ಪುಟದಲ್ಲಿ ನೀವೇ ಬರೆದಿರುವುದರಿಂದ, ನಿಮ್ಮನ್ನು ಬೆನೆಡಿಕ್ಟ ಯಾವ ಪಂಕ್ತಿಗೆ ಸೇರಿಸುತ್ತಿದ್ದನೆಂದು ಊಹಿಸಿಕೊಳ್ಳಿ.

ಇದನ್ನಾದರೂ ಉತ್ಸಾಹವೆಂದು ಬಿಡಬಹುದು. ಶೆಟ್ಟಿಹಳ್ಳಿಯ ಚರ್ಚನ್ನು ‘ಪಾಳುಬಿದ್ದ ಮಠ, ಯಾರದೂ ಅಲ್ಲದ ಮೌನ’ ಎಂದಿರುವುದನ್ನು ಬಿಡಲಾರೆ. ಅದು ಎಂದೂ ಮಠವಾಗಿರಲಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಆ ದೇವಾಲಯದಲ್ಲಿ ಊರಿನ ಜನ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ್ದಾರೆ, ಮದುವೆಗಳಾಗಿವೆ, ಹೆಣಗಳನ್ನು ಕಳುಹಿಸಿಕೊಟ್ಟಿದ್ದಾರೆ. ಹೇಮಾವತಿಗೆ ಅಣೆಕಟ್ಟು ಬಂದು ನೀರು ನಿಂತಾಗ ಅವರು ಗಂಟುಮೂಟೆ ಕಟ್ಟಿ ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳ ನಡುವಿನ ಮೌನ, ಲೋಕವನ್ನು ತಾವಾಗಿ ತೊರೆದವರದಲ್ಲ, ಊರು ಬಿಡಿಸಲ್ಪಟ್ಟವರದು. ನಿಮ್ಮ ಹಲಗೆ ಯಾರದೋ ಹೊಲದ ಮೇಲೆ ತೇಲಿದೆ. ಸನ್ಯಾಸ ಮಠವನ್ನೇ ನೋಡಬೇಕೆಂದಿದ್ದರೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಆ ಬೆನೆಡಿಕ್ಟನ ನಿಯಮದಂತೆ ಬಾಳುವ ಬೆನೆಡಿಕ್ಟೀನರ ಮಠ ಆಶೀರ್ವನಂ ಇದೆ. ಪ್ರಾರ್ಥನೆಯ ಹೊತ್ತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ.

ನಾನು ಈ ಕೆಲಸ ಕಲಿತದ್ದು ಹಾಸನದ ಒಂದು ಸಣ್ಣ ಅಚ್ಚುಕೂಟದಲ್ಲಿ, ಸೀಸದ ಅಕ್ಷರಗಳ ಮೊಳೆ ಜೋಡಿಸುತ್ತಾ. ಒತ್ತಕ್ಷರಗಳ ಮನೆ ಮೊಳೆಗಳನ್ನಿಡುವ ಕೇಸಿನ ದೂರದ ಮೂಲೆಯಲ್ಲಿತ್ತು; ‘ಆಧ್ಯಾತ್ಮಿಕ’ ಎಂದು ಯಾರಾದರೂ ಬರೆದರೆ ಕೈ ಎರಡು ಸಲ ಅಲ್ಲಿಗೆ ಚಾಚಬೇಕಿತ್ತು, ಸಂಜೆಯ ಹೊತ್ತಿಗೆ ಭುಜ ಸೇದುತ್ತಿತ್ತು. ನಮ್ಮ ಮೇಸ್ತ್ರಿ ಹಸ್ತಪ್ರತಿಯನ್ನು ದೀಪಕ್ಕೆ ಹಿಡಿದು, ‘ಈ ಪದಕ್ಕೆ ಸೀಸ ಖರ್ಚು ಮಾಡಬಹುದಾ?’ ಎಂದು ಲೇಖಕರ ಎದುರಿಗೇ ಕೇಳುತ್ತಿದ್ದರು. ದೊಡ್ಡ ದೊಡ್ಡವರು ಪೆನ್ನು ತೆಗೆದು ಹೊಡೆದುಹಾಕಿದ್ದನ್ನು ನಾನು ಕಂಡಿದ್ದೇನೆ. ಈಗ ಪದಗಳಿಗೆ ತೂಕವಿಲ್ಲದಿರುವುದರಿಂದ ನಿಮ್ಮ ಪ್ರಬಂಧದ ಪ್ರತಿ ಪುಟದಲ್ಲೂ ‘ಸನ್ಯಾಸಿಯಂತೆ’ ಎಂಬುದು ಧಾರಾಳವಾಗಿ ಬಂದಿದೆ.

ಅದು ಒಮ್ಮೆಯೂ ಬಾರದ ಜಾಗ ಒಂದೇ. ನಾಲ್ಕನೆಯ ಪುಟದಲ್ಲಿ ಎದುರುಗಾಳಿ ಎದ್ದು, ನಿಲ್ಲಲಾರದೆ ನೀವು ಮಂಡಿಯೂರಿ, ಎಡಕ್ಕೆ ಐದು ಬಲಕ್ಕೆ ಐದು ಎಂದು ಎಣಿಸುತ್ತ ಹುಟ್ಟು ಹಾಕಿದರೂ ಗಂಟೆಗೋಪುರ ಕದಲದೆ ಅಲ್ಲೇ ಇರುವ ಭಾಗ. ಅದನ್ನು ಎರಡು ಸಲ ಓದಿದೆ. ಮೊದಲ ಮೂರು ಪುಟಗಳನ್ನು ತೆಗೆದುಹಾಕಿ ಅಲ್ಲಿಂದಲೇ ಆರಂಭಿಸಿ. ಶೆಟ್ಟಿಹಳ್ಳಿಯಿಂದ ಎದ್ದುಹೋದ ಮನೆತನದ ಹಿರಿಯರೊಬ್ಬರನ್ನು ಹುಡುಕಿ ಮಾತನಾಡಿಸಿದ ಮೇಲೆ ಮರಳಿ ಕಳುಹಿಸಿ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ.

ಇತಿ,
ಸಂಪಾದಕ