ಆ್ಯಶ್ಲಿ ವಾಲ್ಟರ್ಸ್ ಹಾಡು ಬಿಟ್ಟು ನಟನೆಗೆ ಬಂದದ್ದು ಹೇಗೆ?

ಕೊಲೆಯ ಆರೋಪ ಹೊತ್ತ ಶಾಲಾ ಹುಡುಗನೊಬ್ಬನ ಕಥೆಯಾದ, ನೆಟ್‌ಫ್ಲಿಕ್ಸ್‌ನ 'ಅಡೋಲೆಸೆನ್ಸ್' ಸರಣಿಯಲ್ಲಿ ಪೊಲೀಸ್ ಅಧಿಕಾರಿಯ ಪಾತ್ರ ಮಾಡಿದ ಆ್ಯಶ್ಲಿ ವಾಲ್ಟರ್ಸ್ ಹಿಂದೆ ರ‍್ಯಾಪರ್ ಆಗಿದ್ದರೆಂದು ತಿಳಿದು ನಿಮಗೆ ಆಶ್ಚರ್ಯವಾಗಿದೆ; ಹಾಡಿನಿಂದ ಬಂದ ಹೆಸರಿನ ಬಲದಿಂದಲೇ ಅವರಿಗೆ ಪಾತ್ರಗಳು ಸಿಕ್ಕವೇ ಎಂದು ಕೇಳಿದ್ದೀರಿ. ಅವರ ಕೆಲಸವನ್ನು ಬಹಳ ವರ್ಷಗಳಿಂದ ಆಸಕ್ತಿಯಿಂದ ನೋಡಿಕೊಂಡು ಬಂದವನಾಗಿ ನಾನು ಹೇಳುವುದೇನೆಂದರೆ, ಅವರು ಮೊದಲು ನಟ, ಆಮೇಲೆ ರ‍್ಯಾಪರ್, ಅದಾದ ಮೇಲೆ ಮತ್ತೆ ನಟ. ಸಂಗೀತದ ಹೆಸರು ಅವರಿಗೆ ನೆರವಾದದ್ದಕ್ಕಿಂತ ಅಡ್ಡಿಯಾದದ್ದೇ ಹೆಚ್ಚು. ಆದರೆ ಸಂಗೀತ ಕಲಿಸಿದ ಒಂದು ವಿದ್ಯೆ ಮಾತ್ರ ಅವರ ನಟನೆಯಲ್ಲಿ ಇಂದಿಗೂ ಉಳಿದಿದೆ.

ವಾಲ್ಟರ್ಸ್ ಹುಟ್ಟಿದ್ದು 1982ರಲ್ಲಿ, ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿ. ಚಿಕ್ಕಂದಿನಲ್ಲೇ ಸಿಲ್ವಿಯಾ ಯಂಗ್ ಅವರ ಹೆಸರಾಂತ ನಾಟಕ ಶಾಲೆ ಸೇರಿದರು. ಬ್ರಿಟನ್ನಿನ ಮಕ್ಕಳು ತಲೆಮಾರುಗಳ ಕಾಲ ನೋಡಿದ, ಶಾಲೆಯೊಂದರ ಕಥೆಯಾದ 'ಗ್ರೇಂಜ್ ಹಿಲ್' ಧಾರಾವಾಹಿಯಲ್ಲಿ ಹುಡುಗನಾಗಿ ನಟಿಸಿದರು. 2000ದಲ್ಲಿ ಲೆನ್ನಿ ಜೇಮ್ಸ್ ಬರೆದ 'ಸ್ಟಾರ್ಮ್ ಡ್ಯಾಮೇಜ್' ಎಂಬ ಬಿಬಿಸಿ ಚಿತ್ರದಲ್ಲೂ ಕಾಣಿಸಿಕೊಂಡರು. ಕ್ಯಾಮೆರಾದ ಮುಂದೆ ಎಲ್ಲಿ ನಿಲ್ಲಬೇಕು, ಎದುರಿನವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬ ಪಾಠ ಆಶರ್ ಡಿ ಎಂಬ ಹೆಸರು ಊರೆಲ್ಲ ಹರಡುವುದಕ್ಕೆ ಮೊದಲೇ ಆಗಿತ್ತು.

ಆಶರ್ ಡಿ ಎಂಬುದು 'ಸೋ ಸಾಲಿಡ್ ಕ್ರೂ' ತಂಡದಲ್ಲಿ ಅವರಿಗಿದ್ದ ಹೆಸರು. ದಕ್ಷಿಣ ಲಂಡನ್ನಿನ ಬ್ಯಾಟರ್ಸಿಯ ವಸತಿ ಸಮುಚ್ಚಯಗಳಿಂದ ಎದ್ದುಬಂದ, ಹತ್ತಾರು ಜನರಿದ್ದ ದೊಡ್ಡ ತಂಡ ಅದು. ಯುಕೆ ಗರಾಜ್ ಎಂದು ಕರೆಯುವ, ವೇಗದ ತಾಳದ ಆ ನೃತ್ಯ ಸಂಗೀತ ಆಗ ಹರಡುತ್ತಿದ್ದದ್ದು ಹೆಚ್ಚಾಗಿ ಪರವಾನಗಿಯಿಲ್ಲದ ಎಫ್‌ಎಂ ಕೇಂದ್ರಗಳಿಂದ. 2001ರ ಆಗಸ್ಟ್‌ನಲ್ಲಿ ಈ ತಂಡದ '21 ಸೆಕೆಂಡ್ಸ್' ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಅದರ ವಿಡಿಯೊಗೆ ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಬ್ರಿಟ್ ಬಂತು. ಹಾಡಿನ ಹೆಸರಿನಲ್ಲೇ ಅದರ ನಿಯಮ ಇದೆ: ತಂಡದಲ್ಲಿ ಹಾಡುವವರು ಹಲವರು, ಹಾಡಿಗಿರುವುದು ಕೆಲವೇ ನಿಮಿಷ, ಆದ್ದರಿಂದ ಒಬ್ಬೊಬ್ಬರಿಗೂ ಮೈಕ್ ಸಿಗುವುದು ಇಪ್ಪತ್ತೊಂದು ಸೆಕೆಂಡ್ ಮಾತ್ರ. ಅಷ್ಟರೊಳಗೆ ಬಂದು, ತಾನು ಯಾರೆಂದು ಕೇಳುಗನಿಗೆ ಮನವರಿಕೆ ಮಾಡಿಸಿ, ಹೇಳಬೇಕಾದದ್ದನ್ನು ಹೇಳಿ, ತಾಳ ತಪ್ಪದಂತೆ ಮುಂದಿನವನಿಗೆ ಜಾಗ ಬಿಟ್ಟುಕೊಡಬೇಕು. ಒಂದು ಪದ ಹೆಚ್ಚಾದರೂ ಪಕ್ಕದವನ ಪಾಲು ಕಿತ್ತುಕೊಂಡಂತೆ. ನಾನು ಮೇಲೆ ಹೇಳಿದ ವಿದ್ಯೆ ಇದೇ, ಅಂದರೆ ಸಮಯದ ಲೆಕ್ಕ ಮತ್ತು ಮಾತಿನ ಮಿತವ್ಯಯ. ಇದನ್ನು ವಾಲ್ಟರ್ಸ್ ಎಲ್ಲಿಯೂ ಹೀಗೆ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಅವರ ಪಾತ್ರಗಳನ್ನು ಮತ್ತೆ ಮತ್ತೆ ನೋಡಿ ನನಗೆ ಅನ್ನಿಸಿದ್ದು.

ಖ್ಯಾತಿ ಬಂದಷ್ಟೇ ವೇಗವಾಗಿ ಸಂಕಷ್ಟವೂ ಬಂತು. ತಂಡದ ಕಾರ್ಯಕ್ರಮಗಳ ಸುತ್ತ ಹಿಂಸೆಯ ಪ್ರಕರಣಗಳು ನಡೆದು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿ, ಅವರ ಬ್ರಿಟನ್ ಪ್ರವಾಸವೇ ರದ್ದಾಯಿತು. 2002ರಲ್ಲಿ, ಗುಂಡು ತುಂಬಿದ ಬಂದೂಕು ಇಟ್ಟುಕೊಂಡಿದ್ದ ಅಪರಾಧಕ್ಕಾಗಿ ವಾಲ್ಟರ್ಸ್‌ಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಅದರಲ್ಲಿ ಸುಮಾರು ಏಳು ತಿಂಗಳನ್ನು ಅವರು ಯುವ ಅಪರಾಧಿಗಳ ಜೈಲಿನಲ್ಲಿ ಕಳೆದರು. ತಪ್ಪು ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಬಂದಾಗ ಅವರಿಗಿದ್ದ ಪರಿಸ್ಥಿತಿಯನ್ನು ಗಮನಿಸಿ: ಹಾಡಲು ವೇದಿಕೆಯೇ ಕಷ್ಟ. ಮುಂದೆ 2005ರಿಂದ ಲಂಡನ್ ಪೊಲೀಸರು 'ಫಾರ್ಮ್ 696' ಎಂಬ ಅರ್ಜಿ ನಮೂನೆಯನ್ನು ಜಾರಿಗೆ ತಂದು, ಸಂಗೀತ ಕಾರ್ಯಕ್ರಮಗಳ ಆಯೋಜಕರಿಂದ ಕಲಾವಿದರ ವಿವರಗಳನ್ನು ಮುಂಗಡವಾಗಿ ಕೇಳತೊಡಗಿದರು. ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಗರಾಜ್ ಮತ್ತು ಅದರಿಂದ ಬೆಳೆದ ಗ್ರೈಮ್ ಎಂಬ ಶೈಲಿಯಲ್ಲಿ ಹಾಡುವ ಕಪ್ಪು ಯುವಕರ ಮೇಲೆ. ಆ ನಮೂನೆ ರದ್ದಾದದ್ದು 2017ರಲ್ಲಿ. ಆ ಪೀಳಿಗೆಯ ಹಲವರು ತೆರೆಯ ಕಡೆಗೆ ತಿರುಗಿದ್ದನ್ನು ಬರಿಯ ಮಹತ್ವಾಕಾಂಕ್ಷೆ ಎಂದು ಓದುವವರು ಈ ಸಂಗತಿಯನ್ನು ಮರೆಯುತ್ತಾರೆ.

2004ರಲ್ಲಿ ಸಾಲ್ ಡಿಬ್ ನಿರ್ದೇಶಿಸಿದ 'ಬುಲೆಟ್ ಬಾಯ್' ಬಂತು. ಜೈಲಿನಿಂದ ಆಗಷ್ಟೇ ಬಿಡುಗಡೆಯಾದ ರಿಕಿ ಎಂಬ ಹುಡುಗ ಪೂರ್ವ ಲಂಡನ್ನಿನ ತನ್ನ ಮನೆಗೆ ಮರಳುತ್ತಾನೆ; ಗೆಳೆಯನೊಬ್ಬ ಯಾರದೋ ಕಾರಿನ ಪಕ್ಕದ ಕನ್ನಡಿ ಮುರಿದದ್ದೇ ನೆಪವಾಗಿ ಜಗಳ ಬೆಳೆದು, ಬಂದೂಕು ಮನೆಯೊಳಗೆ, ಹನ್ನೆರಡು ವರ್ಷದ ತಮ್ಮನ ಕೈವರೆಗೆ ಬರುತ್ತದೆ. ತಾನೇ ಜೈಲಿನಿಂದ ಹೊರಬಂದು ಹೆಚ್ಚು ಕಾಲವಾಗಿರದ ವಾಲ್ಟರ್ಸ್ ಈ ಪಾತ್ರದಲ್ಲಿ ಎಲ್ಲಿಯೂ ಅಬ್ಬರಿಸುವುದಿಲ್ಲ. ತಮ್ಮನ ಜೊತೆ ಇರುವಾಗ ಅವರ ಮುಖದಲ್ಲಿ ಕಾಣುವ ಸಂಕೋಚವನ್ನು ನೋಡಿ: ಅಣ್ಣನಾಗಿ ಬುದ್ಧಿ ಹೇಳಬೇಕು, ಹೇಳುವ ಯೋಗ್ಯತೆ ತನಗಿಲ್ಲವೆಂಬುದೂ ಗೊತ್ತು. ಆ ಚಿತ್ರಕ್ಕಾಗಿ ಅವರಿಗೆ ಬ್ರಿಟಿಷ್ ಸ್ವತಂತ್ರ ಚಿತ್ರ ಪ್ರಶಸ್ತಿಗಳಲ್ಲಿ ಭರವಸೆಯ ಹೊಸ ಪ್ರತಿಭೆ ಎಂಬ ಗೌರವ ಸಿಕ್ಕಿತು. ಹುಡುಗನಾಗಿದ್ದಾಗಲೇ ನಟಿಸಿದ್ದವನನ್ನು 'ಹೊಸಬ' ಎಂದು ಕರೆದರೆಂದರೆ, ಆಶರ್ ಡಿ ಎಂಬ ಹೆಸರು ಅದರ ಹಿಂದಿನದನ್ನೆಲ್ಲ ಎಷ್ಟು ಮರೆಸಿತ್ತು ಎಂಬುದು ತಿಳಿಯುತ್ತದೆ. ಮರುವರ್ಷ ಅಮೆರಿಕದ ರ‍್ಯಾಪರ್ 50 ಸೆಂಟ್ ಅವರ ಚಿತ್ರವೊಂದರಲ್ಲೂ ನಟಿಸಿದರು.

2011ರಲ್ಲಿ ಚಾನೆಲ್ 4ರಲ್ಲಿ 'ಟಾಪ್ ಬಾಯ್' ಆರಂಭವಾಯಿತು. ರೋನನ್ ಬೆನೆಟ್ ಬರೆದ ಈ ಸರಣಿಯಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯ ಕಾಲ್ಪನಿಕ ವಸತಿ ಸಮುಚ್ಚಯವೊಂದರ ಮಾದಕವಸ್ತು ವ್ಯಾಪಾರಿ ಡುಶೇನ್ ಆಗಿ ವಾಲ್ಟರ್ಸ್, ಅವನ ಜೊತೆಗಾರ ಸಲ್ಲಿಯಾಗಿ ಕೇನೊ ನಟಿಸಿದರು. ನಿಮ್ಮ ಪ್ರಶ್ನೆಯಲ್ಲಿರುವಂತೆ ನಿಜವಾಗಿ ಹಾಡಿನಿಂದ ನಟನೆಗೆ ದಾಟಿದವರು ಈ ಕೇನೊ. 2005ರಲ್ಲೇ ಮೊದಲ ಆಲ್ಬಂ ತಂದು ಹೆಸರು ಮಾಡಿದ ಅವರು, ನಟನೆಗೆ ಬಂದದ್ದು ಆಮೇಲೆ. ಲಿಟಲ್ ಸಿಮ್ಜ್, ಡೇವ್ ಮೊದಲಾದ ರ‍್ಯಾಪರ್‌ಗಳೂ ಇದೇ ಸರಣಿಯಲ್ಲಿ ನಟಿಸಿದರು. ಆ ಬೀದಿಗಳ ಆಡುಮಾತು, ಅದರ ಏರಿಳಿತ ಇವರ ಬಾಯಲ್ಲಿ ಮೊದಲೇ ಇತ್ತು. ಅದನ್ನು ಬೇರೆಯವರಿಗೆ ಹೇಳಿಕೊಡುವುದು ಸುಲಭವಲ್ಲ. 2013ರ ನಂತರ ನಿಂತುಹೋದ ಸರಣಿ, ಕೆನಡಾದ ರ‍್ಯಾಪರ್ ಡ್ರೇಕ್ ಅವರ ಆಸಕ್ತಿಯಿಂದ 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮರುಜೀವ ಪಡೆದು 2023ರಲ್ಲಿ ಮುಗಿಯಿತು. ಅದರಲ್ಲಿ ಸಲ್ಲಿ ಸಿಡಿಯುವವನು, ಡುಶೇನ್ ಅಳೆದು ಮಾತಾಡುವವನು. ವಾಲ್ಟರ್ಸ್ ಎರಡು ವಾಕ್ಯ ಹೇಳಿ ಸುಮ್ಮನಾದಾಗ ಎದುರಿಗಿರುವವರು ಆ ಮೌನ ತಾಳಲಾರದೆ ತಾವೇ ಮಾತಿಗಿಳಿಯುತ್ತಾರೆ.

ಇನ್ನು 'ಅಡೋಲೆಸೆನ್ಸ್'. 2025ರ ಮಾರ್ಚ್‌ನಲ್ಲಿ ಬಂದ ಈ ಸರಣಿಯ ನಾಲ್ಕು ಕಂತುಗಳಲ್ಲಿ ಪ್ರತಿಯೊಂದನ್ನೂ ಎಲ್ಲಿಯೂ ಕತ್ತರಿಸದೆ, ಒಂದೇ ಉಸಿರಿಗೆ ಎಂಬಂತೆ, ಒಂದೇ ಶಾಟ್‌ನಲ್ಲಿ ಚಿತ್ರಿಸಲಾಗಿದೆ. ಯಾರಾದರೂ ಎಡವಿದರೆ ಮೊದಲಿನಿಂದ ಶುರು. ಎರಡನೆಯ ಕಂತು ಅವುಗಳಲ್ಲೇ ಕಠಿಣವಾದದ್ದೆಂದು ನನ್ನ ಅಭಿಪ್ರಾಯ: ನೂರಾರು ಮಕ್ಕಳು ಓಡಾಡುವ ಶಾಲೆ, ಕಿಟಕಿಯಿಂದ ಜಿಗಿದು ಓಡುವ ಹುಡುಗನ ಬೆನ್ನಟ್ಟುವಿಕೆ, ಕೊನೆಗೆ ಕ್ಯಾಮೆರಾ ಡ್ರೋನ್‌ಗೆ ಸೇರಿಕೊಂಡು ಮೇಲೇರುತ್ತದೆ. ಇಪ್ಪತ್ತೊಂದು ಸೆಕೆಂಡಿನಲ್ಲಿ ಮುಗಿಸಬೇಕಾಗಿದ್ದವರು ಇಲ್ಲಿ ಸುಮಾರು ಒಂದು ಗಂಟೆ ತಾಳ ಬಿಡದೆ ನಿಲ್ಲಬೇಕು. ಈ ಪಾತ್ರಕ್ಕಾಗಿ ಅವರು ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನಗೊಂಡರು. ಅದೇ ವಿಭಾಗದಲ್ಲಿ ಪ್ರಶಸ್ತಿ ಹೋದದ್ದು ಅದೇ ಸರಣಿಯ ಹದಿನೈದರ ಹುಡುಗ ಓವನ್ ಕೂಪರ್‌ಗೆ.

ಆ ಕಂತಿನಲ್ಲಿ, ಅದೇ ಶಾಲೆಯಲ್ಲಿ ಓದುವ ಅಧಿಕಾರಿಯ ಮಗ ಅಪ್ಪನನ್ನು ಒಂದು ಕಡೆ ಕರೆದು, ಫೋನಿನ ಎಮೋಜಿಗಳಿಗೆ ಹುಡುಗರ ನಡುವೆ ಬೇರೆಯೇ ಅರ್ಥವಿದೆಯೆಂದು ವಿವರಿಸುತ್ತಾನೆ. ನಾನದನ್ನು ನೋಡುವಾಗ ಎಂಟನೆಯ ತರಗತಿಯ ನನ್ನ ಮಗ ಪಕ್ಕದಲ್ಲಿದ್ದ. ತೆರೆಯ ಮೇಲಿನ ಹುಡುಗ ಹೇಳುವ ಮೊದಲೇ ಇವನು ಒಂದೆರಡು ಅರ್ಥ ಹೇಳಿದ. ನಾನು ತಿರುಗಿ ಅವನನ್ನು ನೋಡಿದೆ. ಮತ್ತೆ ತೆರೆಯ ಕಡೆ ನೋಡಿದಾಗ ವಾಲ್ಟರ್ಸ್ ಕೂಡ ಏನೂ ಹೇಳದೆ ಮಗನನ್ನೇ ನೋಡುತ್ತ ನಿಂತಿದ್ದರು. ನೀವು 'ಬುಲೆಟ್ ಬಾಯ್' ಸಿಕ್ಕರೆ ಮೊದಲು ನೋಡಿ, ಆಮೇಲೆ ಈ ದೃಶ್ಯಕ್ಕೆ ಮರಳಿ ಬನ್ನಿ.